ನಾಲ್ಕನೇ ಕ್ಲಾಸಿನ ಕಳ್ಳಸಾಗಣೆ

ಹುಡುಗಿಯ ಹೆಸರು ಬರೆಯುವುದಿಲ್ಲ. ಬರೆದರೆ ಸನ್ಮಾನ ಮಾಡಿಬಿಡುತ್ತಾರೆ. ಮೈಸೂರು ಪೇಟ, ಗಂಧದ ಹಾರ, ಗಂಜಿ ಹಾಕಿದ ಶಾಲು, ಪ್ಲಾಸ್ಟಿಕ್ ಹೊದಿಸಿದ ಹಣ್ಣಿನ ಬುಟ್ಟಿ, ಇವೆಲ್ಲದರ ಮೇಲೆ ಎರಡು ಕೈಯಲ್ಲೂ ಹಿಡಿಯಲಾಗದಂಥ ಒಂದು ಫಲಕ. ಒಂಬತ್ತು ವರ್ಷದ ಕತ್ತು ಅಷ್ಟನ್ನು ತಡೆಯುವುದಿಲ್ಲ. ಆದ್ದರಿಂದ ನಾಲ್ಕನೇ ತರಗತಿ, ಬಿ ಸೆಕ್ಷನ್, ಕಿಟಕಿ ಪಕ್ಕದ ಬೆಂಚು ಎಂದಷ್ಟೇ ಇಟ್ಟುಕೊಳ್ಳೋಣ. ಶಾಲೆಯ ಹೆಸರೂ ಬೇಡ. ಜಿಲ್ಲಾ ಕೇಂದ್ರವೊಂದರ ಖಾಸಗಿ ಶಾಲೆ. ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಇದೆ, ಪಕ್ಕದ ಜಿಲ್ಲೆಯಿಂದ ಬರುವ ಮಕ್ಕಳು ಇಬ್ಬರಿದ್ದಾರೆ.

ಆರೋಪ ಇಷ್ಟು: ಈ ಹುಡುಗಿ ಬಹಳ ದಿನಗಳಿಂದ ಯಾರಿಗೂ ತಿಳಿಯದಂತೆ ಸಹಪಾಠಿಗಳಿಗೆ ಉಪಕಾರ ಮಾಡುತ್ತ ಬಂದಿದ್ದಾಳೆ. ಶಾಲೆಯ ಅನುಮತಿ ಇಲ್ಲ, ಪೋಷಕರ ಒಪ್ಪಿಗೆ ಪತ್ರ ಇಲ್ಲ, ಒಂದೇ ಒಂದು ಫೋಟೊ ಕೂಡ ಇಲ್ಲ.

ಸಿಕ್ಕಿಬಿದ್ದದ್ದು ಅಮ್ಮನ ದೆಸೆಯಿಂದ. ಊಟದ ಡಬ್ಬಿ ನೆಕ್ಕಿದಷ್ಟು ಖಾಲಿಯಾಗಿ ಬರುತ್ತಿತ್ತು, ಆದರೂ ಮಗಳು ಸಂಜೆ ಶೂ ಬಿಚ್ಚುವ ಮೊದಲೇ ಅನ್ನದ ಪಾತ್ರೆಗೆ ಕೈ ಹಾಕುತ್ತಿದ್ದಳು. ಅಮ್ಮ ಮೊದಲು ಹೊಟ್ಟೆಹುಳವನ್ನು ಶಂಕಿಸಿದರು. ಮಾತ್ರೆ ನುಂಗಿಸಿದ್ದಾಯಿತು. ಹುಳ ಬೀಳಲಿಲ್ಲ, ಹಸಿವು ನಿಲ್ಲಲಿಲ್ಲ. ಹಾಗಾದರೆ ಕ್ಲಾಸಿನಲ್ಲಿ ಯಾವನೋ ರೌಡಿ ಡಬ್ಬಿ ಕಸಿಯುತ್ತಿದ್ದಾನೆ ಎಂದು ತೀರ್ಮಾನಿಸಿ ಶಾಲೆಗೆ ದೂರು ಕೊಟ್ಟರು. ಶಾಲೆಯವರು ಸಿಸಿ ಕ್ಯಾಮೆರಾ ಹಿಂದಕ್ಕೆ ಓಡಿಸಿ ನೋಡಿದರು. ಕ್ಲಾಸಿಗೊಂದು ಕ್ಯಾಮೆರಾ ನೇತುಹಾಕಿ ಅದಕ್ಕೂ ಫೀಸು ವಸೂಲಿ ಮಾಡುವ ಆ ಶಾಲೆಯಲ್ಲಿ ಕ್ಯಾಮೆರಾ ಕೆಲಸಕ್ಕೆ ಬಂದದ್ದು ಪ್ರಾಯಶಃ ಅದೇ ಮೊದಲು.

ನೋಡಿದರೆ ರೌಡಿಯೇ ಇಲ್ಲ. ಊಟದ ಬೆಲ್ ಆಗುತ್ತದೆ, ಹುಡುಗಿ ಡಬ್ಬಿ ಬಿಚ್ಚುತ್ತಾಳೆ, ಮುಖ ಕಿವುಚುತ್ತಾಳೆ, ಡಬ್ಬಿಯನ್ನು ಪಕ್ಕದವಳ ಮುಂದೆ ತಳ್ಳುತ್ತಾಳೆ. ಕ್ಯಾಮೆರಾಕ್ಕೆ ಕಿವಿಯಿಲ್ಲ. ಮಾತು ಏನಿತ್ತೆಂಬುದನ್ನು ಹಿಂದಿನ ಬೆಂಚಿನ ಹುಡುಗ ವಿಚಾರಣೆಯಲ್ಲಿ ಬಾಯಿಬಿಟ್ಟ: ‘ನಂಗೆ ಇದು ಸೇರಲ್ಲ ಕಣೆ. ಹಂಗೇ ವಾಪಸ್ ತಗೊಂಡು ಹೋದ್ರೆ ಅಮ್ಮ ಹೊಡೀತಾಳೆ. ಅರ್ಧ ತಿಂದು ನನ್ನ ಉಳಿಸೇ.’

ಕೊಡುವವಳು ಬೇಡುತ್ತಿದ್ದಾಳೆ, ತಿನ್ನುವವಳು ಉಪಕಾರ ಮಾಡುತ್ತಿದ್ದಾಳೆ. ಇಂಥ ಲೆಕ್ಕ ಬರೆಯುವ ಚಾರ್ಟರ್ಡ್ ಅಕೌಂಟೆಂಟ್ ಈ ರಾಜ್ಯದಲ್ಲಿ ಇನ್ನೂ ಹುಟ್ಟಿಲ್ಲ. ಅಮ್ಮನಿಗೆ ಮಾತ್ರ ಬೇರೆಯದೇ ಕೇಳಿಸಿತು. ‘ನನ್ನ ಚಿತ್ರಾನ್ನ ಸೇರಲ್ಲ ಅಂದಳಾ? ಹೊಡೀತೀನಿ ಅಂದಳಾ? ಯಾವತ್ತು ಹೊಡೆದೆ ನಾನು?’

ಕ್ಯಾಮೆರಾ ಓಡುತ್ತಿದ್ದಂತೆ ಹಳೆಯ ಪ್ರಕರಣಗಳೂ ಒಂದೊಂದಾಗಿ ಮೇಲೆ ಬಂದವು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಎರಡು ಬೆಂಚು ಹಿಂದಿನ ಹುಡುಗನ ಬಾಕ್ಸಿನಿಂದ ಪೆನ್ಸಿಲ್ ತೆಗೆಯುತ್ತಾಳೆ. ಕಳ್ಳತನ ಎಂದುಕೊಳ್ಳುವಷ್ಟರಲ್ಲಿ ಅದನ್ನು ಚೂಪು ಮಾಡಿ ಅಲ್ಲೇ ಇಡುತ್ತಾಳೆ. ಕನ್ನಡ ಪಾಠ ಗಟ್ಟಿಯಾಗಿ ಓದಿಸುವಾಗ ಉಗ್ಗುವ ಹುಡುಗನ ಸರದಿ ಬರುವ ಹೊತ್ತಿಗೆ ಸರಿಯಾಗಿ ಈಕೆಗೆ ಕೆಮ್ಮು ಹತ್ತುತ್ತದೆ. ಎಂಥ ಕೆಮ್ಮೆಂದರೆ ಮಿಸ್ ನೀರು ತರಿಸಬೇಕು, ಅಷ್ಟರಲ್ಲಿ ಬೆಲ್ ಆಗಬೇಕು. ಹೋಮ್‌ವರ್ಕ್ ಮಾಡದವರು ಎದ್ದು ನಿಲ್ಲಿ ಎಂದಾಗ, ಒಂಟಿಯಾಗಿ ನಿಂತ ಒಬ್ಬಳ ಪಕ್ಕ ಈಕೆಯೂ ನಿಲ್ಲುತ್ತಾಳೆ, ಮುಗಿಸಿದ ನೋಟ್‌ಬುಕ್ಕು ಬ್ಯಾಗಿನೊಳಗೇ ಇರುತ್ತದೆ.

ಕ್ಲಾಸ್ ಲೀಡರ್ ಆಗಿ ಮಾಡಿದ ಕರ್ತವ್ಯಲೋಪವಂತೂ ದಾಖಲೆಗೆ ಯೋಗ್ಯ. ಮಿಸ್ ಸ್ಟಾಫ್‌ರೂಮಿಗೆ ಹೋದಾಗ ಮಾತಾಡುವವರ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆಯುವುದು ನಮ್ಮ ನಾಡಿನ ಪ್ರಜಾಪ್ರಭುತ್ವದ ಮೊದಲ ಪಾಠ. ಅಧಿಕಾರ ಅಂದರೇನು, ಸೀಮೆಸುಣ್ಣ ಯಾರ ಕೈಯಲ್ಲಿರಬೇಕು, ಒಂದು ಚಾಕಲೇಟಿಗೆ ಯಾವ ಹೆಸರು ಅಳಿಸಬಹುದು, ಎಲ್ಲವನ್ನೂ ನಾವು ಕಲಿತದ್ದು ಅಲ್ಲಿಯೇ. ಕಲಿತ ಕೆಲವರು ಈಗ ವಿಧಾನಸಭೆಯಲ್ಲಿದ್ದಾರೆ. ಈಕೆ ಬೋರ್ಡಿನ ಮೇಲೆ ಒಂದೇ ಹೆಸರು ಬರೆದಿದ್ದಳು. ತನ್ನದು. ‘ನಾಯಕತ್ವದ ಗುಣ ಇಲ್ಲ’ ಎಂದು ಆಕೆಯನ್ನು ಆ ವಾರವೇ ಹುದ್ದೆಯಿಂದ ಇಳಿಸಲಾಯಿತು. ನ್ಯಾಯವೇ. ಅಧಿಕಾರ ಕೈಗೆ ಬಂದ ಮೇಲೂ ತನ್ನ ಹೆಸರನ್ನೇ ತಪ್ಪಿತಸ್ಥರ ಪಟ್ಟಿಯಲ್ಲಿ ಬರೆದುಕೊಳ್ಳುವವರಿಂದ ಈ ದೇಶಕ್ಕೇನು ಪ್ರಯೋಜನ?

ಇನ್ನೊಂದು ಪ್ರಕರಣ ಹುಟ್ಟುಹಬ್ಬದ್ದು. ಅಂಥ ಶಾಲೆಗಳಲ್ಲಿ ಹುಟ್ಟುಹಬ್ಬದ ದಿನ ಬಣ್ಣದ ಬಟ್ಟೆ ಹಾಕಿಕೊಂಡು ಬಂದು ಕ್ಲಾಸಿಗೆಲ್ಲ ಚಾಕಲೇಟು ಹಂಚುವುದು ಕಡ್ಡಾಯವಲ್ಲ. ಹಂಚದಿದ್ದರೆ ಏನಾಗುತ್ತದೆ ಎಂಬುದು ಎಲ್ಲ ಮಕ್ಕಳಿಗೂ ಗೊತ್ತು, ಅಷ್ಟೆ. ಈಕೆಯ ಹುಟ್ಟುಹಬ್ಬಕ್ಕೆ ಅಪ್ಪ ದೊಡ್ಡ ಡಬ್ಬಿಯೇ ತಂದುಕೊಟ್ಟಿದ್ದರು. ಈಕೆ ಬಸ್ಸಿನಲ್ಲೇ ಫ್ರಾಕಿನ ಮೇಲೆ ನೀರು ಚೆಲ್ಲಿಕೊಂಡು, ಬ್ಯಾಗಿನಲ್ಲಿದ್ದ ಸಮವಸ್ತ್ರ ಹಾಕಿಕೊಂಡು, ಚಾಕಲೇಟು ಮನೆಯಲ್ಲೇ ಮರೆತುಬಂದೆ ಎಂದು ಹೇಳಿ ಕೂತಳು. ಸಂಜೆ ಮನೆಗೆ ಹೋಗಿ, ಕ್ಲಾಸಿನಲ್ಲಿ ಎಲ್ಲರೂ ‘ಹ್ಯಾಪಿ ಬರ್ತ್‌ಡೇ’ ಹೇಳಿದರು ಎಂದಳು. ಮುಂದಿನ ವಾರ ಪಕ್ಕದವಳ ಹುಟ್ಟುಹಬ್ಬವಿತ್ತು. ಆಕೆಯೂ ಸಮವಸ್ತ್ರದಲ್ಲೇ ಬಂದಳು, ಬರಿಗೈಯಲ್ಲೇ ಬಂದಳು, ಆದರೆ ಕ್ಲಾಸಿನಲ್ಲಿ ಹಾಗೆ ಬಂದ ಮೊದಲಿಗಳಾಗಲಿಲ್ಲ. ಡಬ್ಬಿಯ ಚಾಕಲೇಟು ಆಮೇಲೆ ಯಾರ್ಯಾರ ಬ್ಯಾಗಿನೊಳಗೆ ಹೇಗೆ ಹೋಗಿ ಬಿದ್ದಿತು ಎಂಬುದರ ತನಿಖೆ ಇನ್ನೂ ಮುಗಿದಿಲ್ಲ.

ಶಾಲೆಯವರು ಕಂಗಾಲಾದರು. ಒಳ್ಳೆಯದು ಮಾಡಿದ್ದಾಳೆ, ಸರಿ. ಆದರೆ ಎಷ್ಟು ಸುಳ್ಳು! ಅಮ್ಮ ಹೊಡೀತಾಳೆ, ಹೋಮ್‌ವರ್ಕ್ ಆಗಿಲ್ಲ, ಕೆಮ್ಮು, ಮರೆತುಬಂದೆ. ಮೌಲ್ಯ ಶಿಕ್ಷಣದ ಪುಸ್ತಕದಲ್ಲಿ ‘ಸತ್ಯ’ ಒಂದನೇ ಪಾಠ, ‘ದಯೆ’ ಎಷ್ಟೋ ಪಾಠಗಳ ಆಚೆ. ಮೊದಲ ಪಾಠದಲ್ಲೇ ಫೇಲಾದವಳನ್ನು ಅಲ್ಲಿಯವರೆಗೆ ಹೇಗೆ ಬಿಡುವುದು? ಅದೂ ಅಲ್ಲದೆ ಶಾಲೆಯ ಡೈರಿಯ ಆರಂಭದ ಪುಟಗಳಲ್ಲಿ ನಿಯಮಾವಳಿ ಇದೆ. ವಿದ್ಯಾರ್ಥಿಗಳು ಪರಸ್ಪರ ವಸ್ತುಗಳನ್ನು ಕೊಡುವುದು, ಪಡೆಯುವುದು, ವಿನಿಮಯ ಮಾಡಿಕೊಳ್ಳುವುದು ನಿಷಿದ್ಧ. ಕೆಳಗೆ ಅಪ್ಪನ ಸಹಿ. ಅಪ್ಪಂದಿರು ಓದದೆ ಸಹಿ ಮಾಡುವ ದಾಖಲೆಗಳಲ್ಲಿ ಬ್ಯಾಂಕ್ ಸಾಲದ ನಂತರದ ಸ್ಥಾನ ಶಾಲಾ ಡೈರಿಯದು.

ಆ ಡೈರಿ ಹಂಚುವ ಕೌಂಟರಿನ ಹಿಂದಿನ ಗೋಡೆಯ ಮೇಲೆ, ಎರಡು ಮೊಲಗಳು ಒಂದು ಕ್ಯಾರೆಟ್ ಹಿಡಿದುಕೊಂಡ ಚಿತ್ರದ ಕೆಳಗೆ, ‘ಶೇರಿಂಗ್ ಈಸ್ ಕೇರಿಂಗ್’ ಎಂದು ಬರೆಸಿದ್ದಾರೆ. ಗೋಡೆಯದು ಗೋಡೆಗೆ, ಡೈರಿಯದು ಮಕ್ಕಳಿಗೆ. ಮನೆಗಳಲ್ಲೂ ಅಷ್ಟೆ. ಕೊರೊನಾ ಕಾಲದಲ್ಲಿ ಶುರುವಾದ ಮಂತ್ರ ಕೊರೊನಾ ಹೋದ ಮೇಲೂ ಉಳಿದಿದೆ: ‘ಯಾರ ಜೊತೇನೂ ಶೇರ್ ಮಾಡ್ಬೇಡ, ಪೂರ್ತಿ ನೀನೇ ತಿನ್ನು, ಬಾದಾಮಿ ಹಾಕಿದೀನಿ.’ ಅದನ್ನು ಹೇಳಿ ಮಗುವನ್ನು ವ್ಯಾನ್ ಹತ್ತಿಸಿ ಒಳಗೆ ಬಂದು, ಮೊಬೈಲ್ ತೆಗೆದು, ಹಂಚಿ ತಿಂದರೆ ಹಸಿವಿಲ್ಲ ಎಂಬ ಸುಪ್ರಭಾತ ಸಂದೇಶವನ್ನು ಮೂರು ಗುಂಪುಗಳಿಗೆ ಹಂಚುತ್ತೇವೆ. ನಾವು ಹಂಚುವುದೇ ಇಲ್ಲ ಎನ್ನುವ ಹಾಗಿಲ್ಲ.

ಇಷ್ಟಕ್ಕೂ ಪಕ್ಕದವಳಿಗೆ ಡಬ್ಬಿ ಏಕಿಲ್ಲ? ಇದನ್ನು ವಿಚಾರಣೆಯಲ್ಲಿ ಯಾರೂ ಕೇಳಲಿಲ್ಲ, ಉತ್ತರ ಎಲ್ಲರಿಗೂ ಗೊತ್ತಿದ್ದದ್ದರಿಂದ. ಆಕೆ ಆರ್‌ಟಿಇ ಮಗು. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಆರಂಭದ ತರಗತಿಯಲ್ಲಿ ಶೇ 25ರಷ್ಟು ಸೀಟುಗಳನ್ನು ಬಡ ಮತ್ತು ಅವಕಾಶವಂಚಿತ ಮಕ್ಕಳಿಗೆ ಮೀಸಲಿಟ್ಟಿತು. ಹತ್ತಿರದಲ್ಲಿ ಸರ್ಕಾರಿ ಶಾಲೆಯಿದ್ದರೆ ಖಾಸಗಿಯವರು ಈ ಸೀಟು ಕೊಡಬೇಕಾಗಿಲ್ಲ ಎಂದು ಕರ್ನಾಟಕ 2019ರಲ್ಲಿ ಅದರ ರೆಕ್ಕೆಗಳನ್ನು ಕತ್ತರಿಸಿತು. ಉಳಿದ ಪುಕ್ಕದಲ್ಲಿ ಹಾರಿ ಒಳಗೆ ಬಂದವಳು ಈಕೆ. ಅವಳಪ್ಪ ಗಾರೆ ಕೆಲಸ, ಅಮ್ಮ ನಾಲ್ಕು ಮನೆಯ ಪಾತ್ರೆ. ಬೆಳಿಗ್ಗೆ ಏಳಕ್ಕೆ ವ್ಯಾನು. ಅವಳ ಅಮ್ಮ ಆ ಹೊತ್ತಿಗೆ ಬೇರೆಯವರ ಮಕ್ಕಳ ಡಬ್ಬಿ ತೊಳೆಯುತ್ತಿರುತ್ತಾರೆ.

ಕಾಯ್ದೆ ಆಕೆಗೆ ಸೀಟು ಕೊಟ್ಟಿತು, ಊಟ ಕೊಡಲಿಲ್ಲ. ಆಕೆ ಅಲ್ಲೇ ಎಲ್ಲಾದರೂ ಒಂದು ಸರ್ಕಾರಿ ಶಾಲೆಯಲ್ಲಿ ಓದಿದ್ದರೆ ಮಧ್ಯಾಹ್ನ ಬಿಸಿಯೂಟ ಸಿಗುತ್ತಿತ್ತು. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಿ ಎಂದು ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಆದೇಶಿಸಿದ ಮೇಲೆ ನಮ್ಮಲ್ಲಿ 2002ರಲ್ಲಿ ಅಕ್ಷರ ದಾಸೋಹ ಶುರುವಾಯಿತು. 2013ರಿಂದ ಕ್ಷೀರಭಾಗ್ಯದ ಹಾಲು, ಆಮೇಲೆ ಶೂ ಮತ್ತು ಸಾಕ್ಸು, ಆಮೇಲೆ ಮೊಟ್ಟೆ. ಇವೆಲ್ಲ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮಾತ್ರ. ಖಾಸಗಿ ಅನುದಾನರಹಿತ ಶಾಲೆಯೊಳಗೆ ಸರ್ಕಾರವೇ ಕಳಿಸಿದ ಬಡ ಮಗುವಿಗೆ ಹನ್ನೆರಡೂವರೆಗೆ ಹಸಿವಾಗುತ್ತದೆ ಎಂಬ ಸಾಧ್ಯತೆಯನ್ನು ಯಾವ ನಿಯಮಾವಳಿಯೂ ಊಹಿಸಿಲ್ಲ. ಊಹಿಸಿದ್ದು ಕಿಟಕಿ ಪಕ್ಕದ ಬೆಂಚಿನವಳು ಮಾತ್ರ.

ಅಂಥ ಮಕ್ಕಳ ವಿಷಯದಲ್ಲಿ ದೊಡ್ಡವರು ಏನನ್ನು ಊಹಿಸುತ್ತಾರೆ ಎಂಬುದಕ್ಕೂ ದಾಖಲೆ ಇದೆ. 2012ರಲ್ಲಿ, ಕಾಯ್ದೆ ನಮ್ಮಲ್ಲಿ ಜಾರಿಗೆ ಬಂದ ಹೊಸತರಲ್ಲೇ, ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆರ್‌ಟಿಇ ಮಕ್ಕಳನ್ನು ಗುರುತಿಸಲು ಅವರ ತಲೆಗೂದಲಿನ ಜುಟ್ಟು ಕತ್ತರಿಸಿದರು ಎಂಬ ಆರೋಪ ಕೇಳಿಬಂದು ರಾಜ್ಯವೆಲ್ಲ ಸುದ್ದಿಯಾಗಿತ್ತು. ಶಾಲೆಯವರು ಅಲ್ಲಗಳೆದರು, ವಿಚಾರಣೆ ಬಂತು, ಹೋಯಿತು, ಕೂದಲು ಬೆಳೆಯಿತು. ನಮ್ಮ ಹುಡುಗಿ ಮಾಡುತ್ತಿರುವುದು ಇದರ ತದ್ವಿರುದ್ಧದ ಕೆಲಸ. ದೊಡ್ಡವರು ಗುರುತು ಹಾಕುತ್ತಾರೆ, ಆಕೆ ಅಳಿಸುತ್ತಾಳೆ. ಗುಟ್ಟಾಗಿ ಯಾಕೆ ಮಾಡುತ್ತಾಳೆ ಎಂದರೆ, ತಾನು ವಿನಯವಂತೆ ಎನಿಸಿಕೊಳ್ಳುವುದಕ್ಕಲ್ಲ. ಬಯಲಾದ ಮರುಕ್ಷಣ ಗುರುತು ಮತ್ತೆ ಮೂಡುತ್ತದೆ ಎಂದು ಅವಳಿಗೆ ಗೊತ್ತು. ಕೊಟ್ಟವಳ ಹೆಸರು ಹೇಳಿದರೆ ಇಸಿದುಕೊಂಡವಳ ಹೆಸರೂ ತಾನಾಗಿ ಹೊರಬರುತ್ತದೆ. ದಾನಿಯ ಫೋಟೊ ಎಂದರೆ ಅದರಲ್ಲಿ ಕೈಚಾಚಿದವನ ಮುಖವೂ ಇರಲೇಬೇಕು.

ನಮಗೆ ಈ ಸಂಗತಿ ಸಾವಿರದೈನೂರು ವರ್ಷವಾದರೂ ತಲೆಗೆ ಹತ್ತಿಲ್ಲ. ಕನ್ನಡ ನಾಡಿನ ಇತಿಹಾಸದ ಬಹುಪಾಲು ನಮಗೆ ತಿಳಿದಿರುವುದೇ ದಾನ ಕೊಟ್ಟವರು ಸುಮ್ಮನಿರದ ಕಾರಣದಿಂದ. ಗದ್ದೆ ಕೊಟ್ಟರು, ಕೆರೆ ಕಟ್ಟಿಸಿದರು, ನಂದಾದೀಪಕ್ಕೆ ಎಣ್ಣೆ ಬಿಟ್ಟರು, ತಕ್ಷಣ ಕಲ್ಲುಕುಟಿಗನನ್ನು ಕರೆಸಿದರು. ಬಿ.ಎಲ್. ರೈಸ್ ಸಾಹೇಬರು ಊರೂರಿನ ಶಾಸನ ಹುಡುಕಿ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳನ್ನು ತುಂಬಿಸಿದ್ದರೆ ಅದಕ್ಕೆ ನಮ್ಮ ಪೂರ್ವಿಕರ ಈ ಅಭ್ಯಾಸಕ್ಕೇ ಕೃತಜ್ಞತೆ ಹೇಳಬೇಕು. ಕೊಟ್ಟದ್ದಷ್ಟೇ ಅಲ್ಲ, ಇದಕ್ಕೆ ಅಳುಪಿದವರು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾರೆ ಎಂಬ ಶಾಪವನ್ನೂ ಕೆತ್ತಿಸಿಬಿಡುತ್ತಿದ್ದರು. ಸಂಶೋಧಕರಿಗೆ ಒಳ್ಳೆಯದೇ ಆಯಿತು. ಆದರೆ ಆ ಚಟ ರಕ್ತದಲ್ಲಿ ಉಳಿಯಿತು. ಸರ್ಕಾರಿ ಶಾಲೆಯ ಬೆಂಚಿನ ಬೆನ್ನಿಗೆ ದಾನಿಯ ಹೆಸರು, ನೀರಿನ ಟ್ಯಾಂಕಿನ ನಾಲ್ಕೂ ಮಗ್ಗುಲಿಗೆ ನಾಲ್ಕು ಹೆಸರು. ಫ್ಯಾನು ತಿರುಗುವಾಗ ಹೆಸರು ಓದಲಾಗುವುದಿಲ್ಲವೆಂದು ಅದರ ಬದಲು ಬೀರು ಕೊಡಿಸಿದ ಮಹನೀಯರೊಬ್ಬರು ನನಗೆ ಪರಿಚಯ. ಸೆಖೆಯಲ್ಲಿ ಬೆವರುತ್ತಿರುವ ಮಕ್ಕಳಿಗೆ ಬೀರುವಿನಲ್ಲಿ ಇಡಲು ಏನೂ ಇಲ್ಲ, ಅವರ ಹೆಸರು ಮಾತ್ರ ಸ್ಪಷ್ಟವಾಗಿ ಓದಲು ಬರುತ್ತದೆ.

ಗುಪ್ತದಾನವೂ ನಮ್ಮಲ್ಲಿದೆ. ಜೀರ್ಣೋದ್ಧಾರದ ಆಹ್ವಾನಪತ್ರಿಕೆಯಲ್ಲಿ ‘ಗುಪ್ತದಾನಿಗಳು – 10,001’ ಎಂದು ಅಚ್ಚಾಗಿರುತ್ತದೆ, ಆ ಗುಪ್ತದಾನಿಗಳೇ ಮನೆಮನೆಗೆ ಹೋಗಿ ಆ ಸಾಲಿನ ಮೇಲೆ ಬೆರಳಿಟ್ಟು ಆಹ್ವಾನಪತ್ರಿಕೆ ಹಂಚುತ್ತಾರೆ. ಕಂಪನಿಗಳದು ಇನ್ನೂ ಅಚ್ಚುಕಟ್ಟು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ನಮ್ಮ ಹುಡುಗಿಯ ಅರ್ಧ ಡಬ್ಬಿ ಅಂದರೆ ಶೇ 50. ಲಾಭ ಬರಲಿ ಎಂದು ಮೂರು ವರ್ಷ ಕಾದದ್ದೂ ಇಲ್ಲ. ಇರಲಿ, ಹೋಲಿಸಿದರೆ ಉದ್ಯಮಿಗಳಿಗೆ ಬೇಸರವಾದೀತು.

ಮತ್ತೆ ಶಾಲೆಗೆ ಬರೋಣ. ಶಿಸ್ತು ಕ್ರಮ ಕೈಗೊಳ್ಳುವುದೋ ಬಿಡುವುದೋ ಎಂದು ಆಡಳಿತ ಮಂಡಳಿ ತಲೆ ಕೆರೆದುಕೊಳ್ಳುತ್ತಿದ್ದಾಗ, ಅಡ್ಮಿಶನ್ ನೋಡಿಕೊಳ್ಳುವ ಯುವಕನೊಬ್ಬ ಕಣ್ಣರಳಿಸಿ, ‘ಸರ್, ಇದು ಕಂಟೆಂಟ್’ ಎಂದ. ನವೆಂಬರ್ 13 ವಿಶ್ವ ದಯಾ ದಿನ. ಮರುದಿನವೇ ಮಕ್ಕಳ ದಿನಾಚರಣೆ. ಎರಡಕ್ಕೂ ಸೇರಿಸಿ ಒಂದೇ ಶಾಮಿಯಾನ ಹಾಕಿದರೆ ಬಾಡಿಗೆಯೂ ಉಳಿಯುತ್ತದೆ. ಹೀಗೆ ‘ದಯಾ ಸಪ್ತಾಹ’ ಹುಟ್ಟಿತು.

ಯೋಜನೆ ಸರಳ. ಒಂದು ಒಳ್ಳೆಯ ಕೆಲಸಕ್ಕೆ ಒಂದು ನಕ್ಷತ್ರ. ಮಾಡಿದ ಕೆಲಸವನ್ನು ‘ದಯಾ ಡೈರಿ’ಯಲ್ಲಿ ಬರೆದು, ಫೋಟೊ ಅಂಟಿಸಿ, ಪೋಷಕರ ಸಹಿ ಪಡೆದು ಸಲ್ಲಿಸಬೇಕು. ವಾರಾಂತ್ಯಕ್ಕೆ ಅತಿ ಹೆಚ್ಚು ನಕ್ಷತ್ರ ಪಡೆದವರಿಗೆ ‘ದಯಾರತ್ನ’. ಡೈರಿ ಶಾಲೆಯ ಕೌಂಟರಿನಲ್ಲಿ ಮಾತ್ರ ಲಭ್ಯ, ಬೆಲೆ ಕೊಟ್ಟು.

ಎರಡನೇ ದಿನಕ್ಕೇ ಮಾರುಕಟ್ಟೆ ರೂಪುಗೊಂಡಿತು. ಉಪಕಾರ ಮಾಡಲು ಸಂಕಟದಲ್ಲಿರುವ ಒಬ್ಬರು ಬೇಕಲ್ಲ, ಅಷ್ಟು ಸಂಕಟ ಎಲ್ಲಿಂದ ತರುವುದು? ಹುಡುಗರು ರಬ್ಬರು ಬಚ್ಚಿಟ್ಟು ತಾವೇ ಹುಡುಕಿಕೊಟ್ಟರು. ಒಬ್ಬ ದೂಡಿದ, ಇನ್ನೊಬ್ಬ ಎತ್ತಿದ, ಬಂದ ನಕ್ಷತ್ರಗಳನ್ನು ಸಂಜೆ ವ್ಯಾನಿನಲ್ಲಿ ಸರಿಸಮ ಹಂಚಿಕೊಂಡರು. ಬಿದ್ದವನು ಮೊಣಕಾಲು ತರಚಿದ್ದರಿಂದ ತನ್ನದೂ ಒಂದು ಪಾಲಿರಬೇಕು ಎಂದು ತಕರಾರು ತೆಗೆದಾಗ ಐದನೇ ಕ್ಲಾಸಿನ ಹಿರಿಯರು ಪಂಚಾಯ್ತಿ ಮಾಡಿ ಶೇ 40 ಕೊಡಿಸಿದರು. ಕೆಲವು ಮನೆಗಳಲ್ಲಿ ಅಪ್ಪಂದಿರು ರಜೆ ಹಾಕಿದರು. ಭಾನುವಾರದ ಬೆಳಿಗ್ಗೆ ವೃದ್ಧಾಶ್ರಮವೊಂದರ ಅಜ್ಜಿಗೆ ಒಂದೇ ಕ್ಲಾಸಿನ ಹನ್ನೊಂದು ಮಕ್ಕಳು ಸರದಿಯ ಪ್ರಕಾರ ಬಾಳೆಹಣ್ಣು ತಿನ್ನಿಸಿದರು. ಹನ್ನೆರಡನೆಯದಕ್ಕೆ ಅಜ್ಜಿ ಬಾಯಿ ತೆರೆಯಲಿಲ್ಲ. ಆ ಮಗುವಿನ ಅಮ್ಮ ಅಜ್ಜಿಯ ಮೇಲೆ ಮೇಲ್ವಿಚಾರಕರಿಗೆ ದೂರು ಕೊಟ್ಟರಂತೆ.

ಪಕ್ಕದವಳ ಗತಿ ಏನಾಯಿತು? ಇಡೀ ಸೆಕ್ಷನ್ನಿನಲ್ಲಿ ಡಬ್ಬಿ ಇಲ್ಲದ ಮಗು ಒಂದೇ. ಆಕೆಯ ಬೇಡಿಕೆ ಏರಿತು. ಮಧ್ಯಾಹ್ನ ಅವಳ ಮುಂದೆ ಎಂಟು ಡಬ್ಬಿ ತೆರೆದುಕೊಂಡು ಕೂತವು. ಹಿಂದೆ ಮೊಬೈಲ್ ಹಿಡಿದ ಆಯಾ. ‘ಮೇಲೆ ನೋಡು ಪುಟ್ಟಾ, ತುತ್ತು ಬಾಯಲ್ಲಿ ಹಾಗೇ ಇಟ್ಕೋ.’ ನಾಲ್ಕು ದಿನ ಆಕೆ ಪಲಾವು, ಪನೀರು, ನೂಡಲ್ಸು, ಪಾಸ್ತಾ ಎಲ್ಲ ತಿಂದಳು. ಐದನೇ ದಿನದಿಂದ ಊಟದ ಬೆಲ್ ಆದೊಡನೆ ಶೌಚಾಲಯಕ್ಕೆ ಹೋಗಿ, ತರಗತಿ ಶುರುವಾಗುವವರೆಗೂ ಅಲ್ಲೇ ಉಳಿಯತೊಡಗಿದಳು. ಆಕೆಗೆ ಊಟದ ವ್ಯವಸ್ಥೆ ಇಲ್ಲ ಎಂಬುದು ಅದುವರೆಗೆ ಒಂದು ಬೆಂಚಿಗೂ ವಿಚಾರಣೆಯ ಕೋಣೆಗೂ ಮಾತ್ರ ಗೊತ್ತಿತ್ತು, ಈಗ ಶಾಲೆಯ ಫೇಸ್‌ಬುಕ್ ಪುಟವನ್ನು ಮೆಚ್ಚಿದವರಿಗೆಲ್ಲ ಗೊತ್ತು.

ಬಹುಮಾನ ಕೊಟ್ಟರೆ ಹೀಗಾಗುತ್ತದೆ ಎಂದು ತಿಳಿಯಲು ಪ್ರಯೋಗ ಮಾಡಬೇಕಾಗಿರಲಿಲ್ಲ, ಆದರೂ ಮಾಡಿದ್ದಾರೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲೊ ಎಂಬ ಮನಃಶಾಸ್ತ್ರಜ್ಞರು 20 ತಿಂಗಳ ಹಸುಳೆಗಳ ಮುಂದೆ ಏನಾದರೂ ಬೀಳಿಸಿ, ಕೈಗೆಟುಕದವರಂತೆ ಒದ್ದಾಡಿದರು. ಮಕ್ಕಳು ತಾವಾಗಿಯೇ ಎತ್ತಿಕೊಟ್ಟವು. ಕೆಲವಕ್ಕೆ ಆಟದ ಸಾಮಾನು ಬಹುಮಾನ ಕೊಟ್ಟರು, ಕೆಲವಕ್ಕೆ ಬಾಯಿಮಾತಿನ ಶಹಬ್ಬಾಸ್, ಕೆಲವಕ್ಕೆ ಏನೂ ಇಲ್ಲ. ಆಮೇಲೆ ಬಹುಮಾನ ನಿಲ್ಲಿಸಿ ನೋಡಿದರೆ, ಬಹುಮಾನದ ರುಚಿ ಕಂಡ ಮಕ್ಕಳೇ ಕಡಿಮೆ ಸಹಾಯ ಮಾಡಿದವು. ಏನೂ ಸಿಗದವು ಮೊದಲಿನಂತೆಯೇ ಎತ್ತಿಕೊಡುತ್ತಿದ್ದವು. ಇದು ಪ್ರಕಟವಾದದ್ದು 2008ರಲ್ಲಿ. ಅದಕ್ಕೂ ಮೊದಲು 1973ರಲ್ಲಿ ಅಮೆರಿಕದ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು, ಚಿತ್ರ ಬಿಡಿಸುವುದೆಂದರೆ ಪ್ರಾಣ ಬಿಡುತ್ತಿದ್ದ ಶಿಶುವಿಹಾರದ ಮಕ್ಕಳಿಗೆ ‘ಬಿಡಿಸಿದರೆ ಪ್ರಶಸ್ತಿ ಪತ್ರ’ ಎಂದು ಮೊದಲೇ ಆಸೆ ಹುಟ್ಟಿಸಿ ಕೊಟ್ಟರು. ಆ ಮಕ್ಕಳಿಗೆ ಆಮೇಲೆ ಬಣ್ಣದ ಪೆನ್ನಿನ ಮೇಲಿನ ಪ್ರೀತಿಯೇ ತಗ್ಗಿತು. ದಯಾರತ್ನದ ಸಂಸ್ಥಾಪಕರಿಗೆ ಇದನ್ನು ಹೇಳಿದರೆ, ‘ಅದು ವಿದೇಶದ ಮಕ್ಕಳ ಸಂಗತಿ, ನಮ್ಮದು ಸಂಸ್ಕಾರವಂತರ ನಾಡು’ ಎಂದರು.

ಸಂಸ್ಕಾರವನ್ನು ಅಳೆಯುವ ನಮ್ಮ ಹಂಬಲ ಹೊಸತೇನಲ್ಲ. ಹಳೆಯ ವರ್ಗಾವಣೆ ಪತ್ರಗಳಲ್ಲಿ ‘ನಡತೆ’ ಎಂಬ ಒಂದು ಖಾನೆ ಇರುತ್ತಿತ್ತು. ಗುಮಾಸ್ತರು ಊಟಕ್ಕೆ ಹೋಗುವ ಆತುರದಲ್ಲಿ ‘ಉತ್ತಮ’ ಎಂದು ಬರೆದುಬಿಡುತ್ತಿದ್ದರು. ಮೇಷ್ಟರ ಸೈಕಲ್ಲಿನ ಗಾಳಿ ತೆಗೆದವನದೂ ಉತ್ತಮ, ಗಾಳಿ ತುಂಬಿಕೊಟ್ಟವನದೂ ಉತ್ತಮ. ಎಂಥ ಸಮಾಜವಾದ! ಆಮೇಲೆ ಸಿಬಿಎಸ್‌ಇ 2009ರಲ್ಲಿ ‘ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ’ ತಂದು, ಸಹಪಾಠಿಗಳ ಬಗೆಗಿನ ಮನೋಭಾವಕ್ಕೂ ಗ್ರೇಡು ಕೊಡಿಸಿತು. ಟೀಚರುಗಳು ಬರೆಯಲು ಅನುಕೂಲವಾಗಲೆಂದು ಸಿದ್ಧ ವಾಕ್ಯಗಳೂ ಇದ್ದವು. ಒಂದೇ ವಾಕ್ಯ ನಲವತ್ತು ಮಕ್ಕಳ ಅಂತಃಕರಣಕ್ಕೆ ಒಪ್ಪುತ್ತಿತ್ತು. 2017ರಲ್ಲಿ ಅದು ತೆರೆಮರೆಗೆ ಸರಿಯಿತು. ಈಗ ಹೊಸ ಶಿಕ್ಷಣ ನೀತಿಯ ಬೆನ್ನಲ್ಲಿ ಎನ್‌ಸಿಇಆರ್‌ಟಿಯ ‘ಪರಖ್’ ರೂಪಿಸಿದ ಸಮಗ್ರ ಪ್ರಗತಿ ಪತ್ರ ಬಂದಿದೆ. ಅದರಲ್ಲಿ ಅರಿವು, ಸಂವೇದನೆ, ಸೃಜನಶೀಲತೆ ಎಂಬ ಮೂರು ಬಾಬ್ತು, ತೊರೆ, ಬೆಟ್ಟ, ಆಕಾಶ ಎಂಬ ಮೂರು ಮಟ್ಟ. ತೊರೆಯಿಂದ ಹೊರಟ ಮಗು ಬೆಟ್ಟ ಹತ್ತಿ ಆಕಾಶ ಮುಟ್ಟಬೇಕು. ರೂಪಿಸಿದವರ ಉದ್ದೇಶ ಒಳ್ಳೆಯದೇ ಇದ್ದೀತು, ಅಂಕಕ್ಕಿಂತ ಇದು ಮೇಲು ಎಂದು ನಾನೂ ಒಪ್ಪುತ್ತೇನೆ. ಆದರೆ ಭರ್ತಿ ಮಾಡುವ ಟೀಚರಿಗೆ ಮೂರು ಸೆಕ್ಷನ್ನಿನ ಮಕ್ಕಳು, ಒಂದು ಭಾನುವಾರ.

ಬೋಧಿಸುವ ವಿಷಯದಲ್ಲಂತೂ ನಾವು ಯಾರಿಗೂ ಕಡಿಮೆಯಿಲ್ಲ. 2023ರ ಜನವರಿಯಲ್ಲಿ ಶಾಲೆಗಳಲ್ಲಿ ನೈತಿಕ ಶಿಕ್ಷಣ ಹೇಗಿರಬೇಕೆಂದು ಚರ್ಚಿಸಲು ಸರ್ಕಾರ ಬೆಂಗಳೂರಿನಲ್ಲಿ ಮಠಾಧೀಶರನ್ನೂ ಧರ್ಮಗುರುಗಳನ್ನೂ ತಜ್ಞರನ್ನೂ ದುಂಡುಮೇಜಿನ ಸುತ್ತ ಕೂರಿಸಿತು. ಅದಕ್ಕೂ ಒಂದು ವರ್ಷದ ಹಿಂದೆ, 2021ರ ಡಿಸೆಂಬರಿನಲ್ಲಿ, ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಅಪೌಷ್ಟಿಕತೆ ಹೆಚ್ಚಿದೆಯೆಂದು ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಗಳಿಂದಲೇ ದೊಡ್ಡ ಪ್ರತಿಭಟನೆ ಎದ್ದದ್ದನ್ನು ಮೇಜಿನ ಸುತ್ತ ಕೂತವರು ಮರೆತಿರಲಾರರು. ಟೀವಿಗಳಲ್ಲಿ ದೊಡ್ಡವರು ಮೊಟ್ಟೆಯನ್ನು ಒಡೆಯದೆ ತಿಂಗಳುಗಟ್ಟಲೆ ಚರ್ಚಿಸಿದರು. ಮೊಟ್ಟೆ ಬೇಡದವರಿಗೆ ಬಾಳೆಹಣ್ಣಿನ ಆಯ್ಕೆ ಇದ್ದೇ ಇತ್ತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನೊಂದಿಗೆ ವಾರದ ಆರೂ ದಿನ ಮೊಟ್ಟೆ ಸಿಗುವಂತಾಗಿದೆ.

ಬಿಸಿಯೂಟದ ಸಾಲಿನಲ್ಲಿ ಕೂತ ಮಕ್ಕಳನ್ನು ಒಮ್ಮೆ ದೂರದಿಂದ ನೋಡಬೇಕು. ಮನೆಯಲ್ಲಿ ‘ಬಾಳೆಹಣ್ಣು’ ಎಂದು ಬರೆಸಿಬಂದವನು ಮೊಟ್ಟೆಯವನ ಕಡೆ ಒರಗುತ್ತಾನೆ. ಏನೋ ಕೈಬದಲಾಗುತ್ತದೆ. ಎದುರು ಕೂತವಳು ನೋಡಿ, ನೋಡದವಳಂತೆ ಸಾರು ಕಲೆಸುತ್ತಾಳೆ. ಇನ್ನೊಬ್ಬ ಅಂಗನವಾಡಿಗೂ ಹೋಗದ ತಂಗಿಗೆಂದು ಮೊಟ್ಟೆಯನ್ನು ಚಡ್ಡಿ ಜೇಬಿಗಿಳಿಸುತ್ತಾನೆ, ಪಕ್ಕದವನು ಮಾತಾಡದೆ ತನ್ನದರಲ್ಲಿ ಅರ್ಧ ಮುರಿದು ಅವನ ತಟ್ಟೆಗೆ ಹಾಕುತ್ತಾನೆ. ಅಡುಗೆಯವರ ಜಾತಿ ನೋಡಿ ಮಕ್ಕಳಿಗೆ ಬಿಸಿಯೂಟವನ್ನೇ ಬಿಡಿಸಿದ ಊರುಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅಂಥ ಊರಿನಲ್ಲೂ, ಅಪ್ಪ ಗೇಟಿನಿಂದ ಆಚೆ ಹೋದನೋ ಇಲ್ಲವೋ ನೋಡಿ ಹೇಳಲು ಒಬ್ಬ ಗೆಳೆಯ ಕಾಂಪೌಂಡ್ ಹತ್ತಿ ಕೂತಿರುತ್ತಾನೆ ಎಂದು ನಾನು ಪಂದ್ಯ ಕಟ್ಟಬಲ್ಲೆ. ದುಂಡುಮೇಜಿಗೆ ಇವರನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೂ ಬರುತ್ತಿರಲಿಲ್ಲ, ಊಟದ ಹೊತ್ತು.

ದಯಾ ಸಪ್ತಾಹ ಮುಗಿಯಿತು. ದಯಾರತ್ನ ಸಿಕ್ಕಿದ್ದು ಬಾಳೆಹಣ್ಣಿನ ತಂಡದ ನಾಯಕನಿಗೆ. ಶಾಸಕರು ಕೊಟ್ಟರು. ಕಿಟಕಿ ಪಕ್ಕದ ಬೆಂಚಿನವಳು ದಯಾ ಡೈರಿಯನ್ನು ಖಾಲಿ ಸಲ್ಲಿಸಿದಳು. ಯಾಕೆ ಏನೂ ಬರೆದಿಲ್ಲ ಎಂದು ಮಿಸ್ ಕೇಳಿದ್ದಕ್ಕೆ ‘ಮರೆತುಹೋಯ್ತು ಮಿಸ್’ ಎಂದಳು. ಸುಳ್ಳಿನ ಪಟ್ಟಿಗೆ ಅದೂ ಸೇರಿತು. ಆ ಅವಧಿಯ ಪ್ರಗತಿ ಪತ್ರದಲ್ಲಿ ಆಕೆಯ ಹೆಸರಿನ ಮುಂದೆ ಹೀಗಿದೆ: ‘ಸಂವೇದನೆ – ತೊರೆ. ಸಹಪಾಠಿಗಳ ಬಗ್ಗೆ ಇನ್ನಷ್ಟು ಕಾಳಜಿ ಬೆಳೆಸಿಕೊಳ್ಳಬೇಕು.’ ಅಪ್ಪ ಸಹಿ ಮಾಡಿದ್ದಾರೆ.

ಅಮ್ಮ ಮಾತ್ರ ಓದಿದರು. ಓದಿ ನನ್ನ ಹತ್ತಿರ ತಂದು ತೋರಿಸಿ, ಇದರ ವಿರುದ್ಧ ಏನಾದರೂ ಬರೆಯಿರಿ ಎಂದರು. ಬರೆದಿದ್ದೇನೆ. ಆದರೆ ನನಗೆ ತಕರಾರಿರುವುದು ತೊರೆ ಬೆಟ್ಟಗಳ ಮೇಲಲ್ಲ. ಹಸಿದ ಮಗುವಿಗೆ ಊಟ ಹಾಕುವುದು ಒಂಬತ್ತು ವರ್ಷದವಳ ಸದ್ಗುಣವಾಗಿ ಉಳಿದಿರುವುದರ ಮೇಲೆ. ಅದು ಸದ್ಗುಣವಲ್ಲ, ಸರ್ಕಾರ ಮತ್ತು ಶಾಲೆ ಮಾಡದೆ ಬಿಟ್ಟ ಕೆಲಸ. ಸೀಟು ಕೊಟ್ಟ ಕಾನೂನು ಊಟವನ್ನೂ ಕೊಡಲಿ: ಆರ್‌ಟಿಇಯಲ್ಲಿ ಸೇರಿಸಿಕೊಂಡ ಪ್ರತಿ ಮಗುವಿಗೆ, ಅದು ಯಾವ ಶಾಲೆಯಲ್ಲೇ ಓದುತ್ತಿರಲಿ, ಬಿಸಿಯೂಟದ ಪಾಲು ತಲುಪಬೇಕೆಂದು ಒಂದು ಸಾಲಿನ ಆದೇಶ ಹೊರಡಿಸಲು ದುಂಡುಮೇಜೂ ಬೇಡ, ಚೌಕದ ಮೇಜೂ ಬೇಡ. ಶಿಕ್ಷಣ ಸಚಿವರ ಸಹಿ ಸಾಕು.